ಹಾರ್ಡ್ ಡಿಸ್ಕ್ ಕಿತ್ತುಹಾಕಿದ ಲ್ಯಾಬ್

ಹಳೇ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಹಾರ್ಡ್ ಡಿಸ್ಕ್. ಪ್ರೊಸೆಸರ್ ಎಷ್ಟು ವರ್ಷವಾದರೂ ಓಡುತ್ತಿರುತ್ತದೆ. ರ‍್ಯಾಮ್ ಕೂಡ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಡಿಸ್ಕ್ ಮಾತ್ರ, ಅದರಲ್ಲೂ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುವ ಊರಿನಲ್ಲಿ, ಬರೆಯುತ್ತಾ ಇರುವಾಗಲೇ ಪವರ್ ಕಟ್ ಆಗಿ ಆಗಿ ಒಂದು ದಿನ ಕಟಕಟ ಅನ್ನಲು ಶುರುಮಾಡುತ್ತದೆ. ನಾನು ಬಿಡುವಿನಲ್ಲಿ ನೋಡಿಕೊಳ್ಳುವ ಒಂದು ಶಾಲೆಯ ಲ್ಯಾಬಿನಲ್ಲಿ ಇಪ್ಪತ್ತು ಮಷೀನು ಇವೆ. ಅರ್ಧಕ್ಕರ್ಧದ ಡಿಸ್ಕ್ ಹೋಗಿತ್ತು. ಇಪ್ಪತ್ತು ಎಸ್‌ಎಸ್‌ಡಿಗೆ ದುಡ್ಡಿಲ್ಲ. ಇದ್ದಿದ್ದರೂ ಇಪ್ಪತ್ತು ಕಡೆ ಲಿನಕ್ಸ್ ಹಾಕಿ, ಇಪ್ಪತ್ತು ಕಡೆ ಅಪ್‌ಡೇಟ್ ಮಾಡುತ್ತಾ ಕೂರುವ ಕೆಲಸ ಯಾರಿಗೆ ಬೇಕು? ಉಳಿದ ಡಿಸ್ಕ್‌ಗಳನ್ನೂ ಬಿಚ್ಚಿಟ್ಟು, ಒಂದೇ ಒಂದು ಒಳ್ಳೆಯ ಸರ್ವರ್ ಇಟ್ಟು, ಎಲ್ಲಾ ಮಷೀನೂ ನೆಟ್‌ವರ್ಕ್‌ನಿಂದಲೇ ಬೂಟ್ ಆಗುವ ಹಾಗೆ ಮಾಡಿದೆವು.

ಇದೇನೂ ಹೊಸ ವಿದ್ಯೆ ಅಲ್ಲ. ಡಿಸ್ಕ್ ಬಲು ದುಬಾರಿಯಾಗಿದ್ದ ಎಂಬತ್ತರ ದಶಕದಲ್ಲಿ ಸನ್ ಕಂಪನಿ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನೇ ಮಾರುತ್ತಿತ್ತು. ನೆಟ್‌ವರ್ಕ್‌ನಲ್ಲಿ ಫೈಲು ಕಳಿಸುವ ಸರಳ ವಿಧಾನವಾದ ಟಿಎಫ್‌ಟಿಪಿ 1981ರದ್ದು, ಮಷೀನಿಗೆ ವಿಳಾಸ ಕೊಟ್ಟು ಬೂಟ್ ಫೈಲು ಎಲ್ಲಿದೆ ಎಂದು ತಿಳಿಸುವ ಬೂಟ್‌ಪಿ 1985ರದ್ದು. ಈಗ ಬಯೋಸ್‌ನಲ್ಲಿ (ಮಷೀನ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಕಾಣುವ, ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ಪಿಎಕ್ಸ್‌ಇ ಇಂಟೆಲ್‌ನವರದ್ದು, ಅದರ 2.1 ಆವೃತ್ತಿ ಬಂದಿದ್ದು 1999ರಲ್ಲಿ. ಲಿನಕ್ಸ್ ಲ್ಯಾಬನ್ನು ಹೀಗೆ ಒಂದೇ ಸರ್ವರಿನಿಂದ ಓಡಿಸಲು ನಾವು ಬಳಸುವ ಎಲ್‌ಟಿಎಸ್‌ಪಿ ಎಂಬ ಸಾಫ್ಟ್‌ವೇರ್ ಕೂಡ ಅದೇ ವರ್ಷ ಶುರುವಾದದ್ದು. 2019ರಲ್ಲಿ ಅದನ್ನು ಪೂರ್ತಿ ಹೊಸದಾಗಿ ಬರೆದರು. ಹಾಗಾಗಿ ಅದಕ್ಕಿಂತ ಹಳೆಯ ಟ್ಯುಟೋರಿಯಲ್ ಸಿಕ್ಕರೆ ಸುಮ್ನೆ ಮುಚ್ಚಿಬಿಡಿ, ಅದರ ಕಮಾಂಡುಗಳು ಈಗ ನಡೆಯುವುದಿಲ್ಲ.

ಆಗುವುದು ಇಷ್ಟು. ಮಷೀನ್ ಆನ್ ಮಾಡಿದರೆ ನೆಟ್‌ವರ್ಕ್ ಕಾರ್ಡು ಡಿಎಚ್‌ಸಿಪಿಯಲ್ಲಿ (ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ನನಗೊಂದು ಐಪಿ ವಿಳಾಸ ಕೊಡಿ, ಎಲ್ಲಿಂದ ಬೂಟ್ ಆಗಲಿ ಹೇಳಿ ಎಂದು ಕೂಗು ಹಾಕುತ್ತದೆ. ಉತ್ತರ ಸಿಕ್ಕ ಮೇಲೆ ಟಿಎಫ್‌ಟಿಪಿಯಲ್ಲಿ ಒಂದು ಚಿಕ್ಕ ಬೂಟ್ ಫೈಲು ಇಳಿಸಿಕೊಳ್ಳುತ್ತದೆ. ನಮ್ಮಲ್ಲಿ ಅದು ಐಪಿಎಕ್ಸ್‌ಇ ಎಂಬ ಬೂಟ್ ಪ್ರೋಗ್ರಾಮ್. ಅದು ಲಿನಕ್ಸಿನ ತಿರುಳಾದ ಕರ್ನೆಲ್ ಮತ್ತು ಶುರುವಿಗೆ ಬೇಕಾದ ಫೈಲುಗಳ ಕಟ್ಟಾದ ಇನಿಟ್‌ಆರ್‌ಡಿ ತರುತ್ತದೆ. ಆಮೇಲೆ ಸರ್ವರಿನಲ್ಲಿರುವ ಸ್ಕ್ವಾಷ್‌ಎಫ್‌ಎಸ್ ಇಮೇಜನ್ನು (ಇಡೀ ಸಿಸ್ಟಮ್ಮನ್ನು ಒತ್ತಿ ಮಾಡಿದ, ಓದಲು ಮಾತ್ರ ಬರುವ ಒಂದೇ ಫೈಲು) ನೆಟ್‌ವರ್ಕ್‌ನಲ್ಲಿ ಫೈಲು ಹಂಚುವ ಎನ್‌ಎಫ್‌ಎಸ್ ಮೂಲಕ ಮೌಂಟ್ ಮಾಡಿಕೊಂಡು, ಬರೆಯುವುದಕ್ಕೆ ಮಾತ್ರ ತನ್ನ ರ‍್ಯಾಮಿನಲ್ಲಿ ಒಂದು ಪದರ ಹಾಕಿಕೊಂಡು ಡೆಸ್ಕ್‌ಟಾಪ್ ತೋರಿಸುತ್ತದೆ. ಮಕ್ಕಳ ಫೈಲುಗಳಿರುವ ಹೋಮ್ ಫೋಲ್ಡರ್ ಸರ್ವರಿನಲ್ಲೇ ಇರುತ್ತದೆ. ಉಳಿದಂತೆ ಮಷೀನಿನಲ್ಲಿ ಏನು ಕೆಡಿಸಿದರೂ ರೀಸ್ಟಾರ್ಟ್ ಆದ ಮೇಲೆ ಮೊದಲಿನಂತೆಯೇ. ಸಿಸ್ಟಮ್ ಫೈಲು ಅಳಿಸುವ ತುಂಟರಿಗೆ ಇದರಿಂದ ಭಾರೀ ನಿರಾಸೆ!

ಸೆಟಪ್ಪಿನಲ್ಲಿ ಮೊದಲ ಜಗಳ ಬರುವುದು ಡಿಎಚ್‌ಸಿಪಿಯಲ್ಲಿ. ಶಾಲೆಯ ಇಂಟರ್‌ನೆಟ್ ರೌಟರು ಆಗಲೇ ಐಪಿ ಹಂಚುತ್ತಿರುತ್ತದೆ. ನಮ್ಮ ಸರ್ವರೂ ಹಂಚಲು ಹೊರಟರೆ ಒಂದು ಮಷೀನಿಗೆ ಅದು ಉತ್ತರ ಕೊಡುತ್ತದೆ, ಇನ್ನೊಂದಕ್ಕೆ ಇದು. ಬೆಳಿಗ್ಗೆ ಬೂಟ್ ಆದ ಮಷೀನು ಮಧ್ಯಾಹ್ನ ಆಗಲ್ಲ. ರೌಟರ್ ಮುಟ್ಟುವ ಹಾಗಿಲ್ಲ ಅಂದರೆ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಮನ್ನು ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಓಡಿಸಿ: ಐಪಿ ರೌಟರೇ ಕೊಡಲಿ, ಬೂಟ್ ಫೈಲು ಎಲ್ಲಿದೆ ಎಂಬುದನ್ನು ಮಾತ್ರ ನಮ್ಮ ಸರ್ವರ್ ಹೇಳಲಿ. ಎಲ್‌ಟಿಎಸ್‌ಪಿ ಇದನ್ನು ತಾನಾಗಿಯೇ ಮಾಡಿಕೊಡುತ್ತದೆ. ನನ್ನ ಆಯ್ಕೆ ಬೇರೆ. ಸರ್ವರಿಗೆ ಎರಡನೇ ನೆಟ್‌ವರ್ಕ್ ಕಾರ್ಡು ಹಾಕಿ ಲ್ಯಾಬನ್ನೇ ಬೇರೆ ಮಾಡಿಬಿಡುವುದು ವಾಸಿ. ಟಿಎಫ್‌ಟಿಪಿಗೆ ಪಾಸ್‌ವರ್ಡ್ ಎನ್ನುವುದೇ ಇಲ್ಲ, ವೈರ್ ಚುಚ್ಚಿದವರಿಗೆಲ್ಲಾ ಕೇಳಿದ ಫೈಲು ಕೊಡುತ್ತದೆ. ಆಫೀಸಿನ ಕಂಪ್ಯೂಟರುಗಳೂ ಅದೇ ವೈರಿನಲ್ಲಿ ಇರುವುದು ಸರಿಯಲ್ಲ.

ಎರಡನೆಯದು ಹಳೇ ಬಯೋಸ್ ಮತ್ತು ಅದರ ಜಾಗಕ್ಕೆ ಬಂದ ಯುಇಎಫ್‌ಐ ಎರಡೂ ಸೇರಿದ ಲ್ಯಾಬು. ಇಬ್ಬರಿಗೂ ಬೇರೆ ಬೇರೆ ಬೂಟ್ ಫೈಲು ಬೇಕು. ಮಷೀನು ತಾನು ಯಾವ ಜಾತಿ ಎಂದು ಡಿಎಚ್‌ಸಿಪಿಯ 93ನೇ ಆಪ್ಷನ್ನಿನಲ್ಲಿ ಹೇಳುತ್ತದೆ. 0 ಅಂದರೆ ಹಳೇ ಬಯೋಸ್, 7 ಅಂದರೆ 64 ಬಿಟ್ ಯುಇಎಫ್‌ಐ. ಡಿಎನ್‌ಎಸ್‌ಮಾಸ್ಕ್ ಅದನ್ನು ನೋಡಿ ಸರಿಯಾದ ಫೈಲು ಕೊಡುತ್ತದೆ. ಹೊಸ ಮಷೀನುಗಳಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಏರ್ಪಾಡು) ಆಫ್ ಮಾಡಿ, ನೆಟ್‌ವರ್ಕ್ ಸ್ಟ್ಯಾಕ್ ಎಂಬುದನ್ನು ಹುಡುಕಿ ಆನ್ ಮಾಡಬೇಕು. ಒಂದೊಂದು ಬೋರ್ಡಿನಲ್ಲಿ ಅದು ಒಂದೊಂದು ಮೂಲೆಯಲ್ಲಿ ಅಡಗಿರುತ್ತದೆ.

ಇನ್ನು ವೇಗ. ಟಿಎಫ್‌ಟಿಪಿ 512 ಬೈಟ್ ಕಳಿಸುತ್ತದೆ, ಸಿಕ್ಕಿತು ಎಂಬ ಉತ್ತರಕ್ಕೆ ಕಾಯುತ್ತದೆ, ಮತ್ತೆ 512 ಕಳಿಸುತ್ತದೆ. ಚಮಚದಲ್ಲಿ ಹಂಡೆ ತುಂಬಿಸಿದ ಹಾಗೆ. ಬ್ಲಾಕ್ ಸೈಜ್ ಹೆಚ್ಚಿಸುವ ದಾರಿ ಆಮೇಲೆ ಬಂತು, ಆದರೂ ಇದರಲ್ಲಿ ದೊಡ್ಡ ಫೈಲು ತರುವುದು ಬೇಡ. ಐಪಿಎಕ್ಸ್‌ಇಗೆ ಎಚ್‌ಟಿಟಿಪಿ ಗೊತ್ತು, ಕರ್ನೆಲ್ ಅದರಲ್ಲೇ ತರಿಸಬಹುದು. ಆದರೆ ನಿಜವಾದ ಅಡ್ಡಿ ಎಲ್ಲಾ ಮಷೀನುಗಳ ವೈರೂ ಬಂದು ಸೇರುವ ನೆಟ್‌ವರ್ಕ್ ಸ್ವಿಚ್. ಪೀರಿಯಡ್ ಶುರುವಾದ ತಕ್ಷಣ ಇಪ್ಪತ್ತು ಮಕ್ಕಳೂ ಒಟ್ಟಿಗೆ ಬಟನ್ ಒತ್ತುತ್ತಾರೆ. ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಒಂದೊಂದು ಮಷೀನು 300 ಎಂಬಿ ಎಳೆಯುತ್ತದೆ ಅಂದುಕೊಳ್ಳಿ, ಒಟ್ಟು 6 ಜಿಬಿ ಆಯಿತು. ಸರ್ವರಿನ ವೈರು ಹಳೇ 100 ಎಂಬಿಪಿಎಸ್ ಸ್ವಿಚ್ಚಿಗೆ ಸೇರಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ, ಅಂದರೆ 8 ನಿಮಿಷ. ಗಿಗಾಬಿಟ್ ಆದರೆ 48 ಸೆಕೆಂಡ್. ಇದು ಕಾಗದದ ಮೇಲಿನ ಲೆಕ್ಕ, ವಾಸ್ತವದಲ್ಲಿ ಎರಡೂ ಇನ್ನಷ್ಟು ನಿಧಾನ. ಆದರೂ ಸರ್ವರಿಗೆ ದುಬಾರಿ ಪ್ರೊಸೆಸರ್ ಹಾಕುವ ಬದಲು ಮೊದಲು ಗಿಗಾಬಿಟ್ ಸ್ವಿಚ್ ತನ್ನಿ. ಆಮೇಲೆ ಸರ್ವರಿಗೆ ರ‍್ಯಾಮ್ ಜಾಸ್ತಿ ಹಾಕಿ. ಒಬ್ಬರು ಓದಿದ ಇಮೇಜಿನ ಭಾಗ ಸರ್ವರಿನ ರ‍್ಯಾಮಿನಲ್ಲೇ ಉಳಿದು ಉಳಿದ ಹತ್ತೊಂಬತ್ತು ಜನಕ್ಕೂ ಅಲ್ಲಿಂದಲೇ ಸಿಗುತ್ತದೆ.

ಮೇಂಟೆನನ್ಸ್ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ, ವರ್ಷವಿಡೀ ಇರುವುದು ಮಾತ್ರ ಅದೇ. ಹೊಸ ಪ್ಯಾಕೇಜು ಬೇಕಾದರೆ ಸರ್ವರಿನಲ್ಲಿ ಹಾಕಿ ಎಲ್‌ಟಿಎಸ್‌ಪಿ ಇಮೇಜ್ ಕಮಾಂಡ್ ಓಡಿಸಿದರೆ ಇಡೀ ಲ್ಯಾಬಿಗೆ ಬಂದ ಹಾಗೆ. ಕನ್ನಡ ಫಾಂಟು, ಕನ್ನಡ ಟೈಪ್ ಮಾಡಲು ಐಬಸ್ ಕೀಬೋರ್ಡ್ ಎಲ್ಲಾ ಹೀಗೆ ಒಂದೇ ಸಲ ಹಾಕಿದ್ದು. ಹಳೆಯ ಇಮೇಜು .ಓಲ್ಡ್ ಎಂಬ ಹೆಸರಿನಲ್ಲಿ ಉಳಿಯುತ್ತದೆ, ಹೊಸದು ಕೈಕೊಟ್ಟರೆ ವಾಪಸ್ ಹೋಗಬಹುದು. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಮಷೀನುಗಳು ಓಡುತ್ತಿರುವಾಗ ಒಂದು ಸಲ ಹೊಸ ಇಮೇಜ್ ಮಾಡಿದರೆ ಅವು ಹಳೆಯದನ್ನೇ ಹಿಡಿದುಕೊಂಡು ನಡೆಯುತ್ತವೆ. ರೀಸ್ಟಾರ್ಟ್ ಮಾಡದೆ ಎರಡನೇ ಸಲ ಮಾಡಿದರೆ ಆ ಹಳೆಯ ಫೈಲು ಅಳಿಸಿಹೋಗಿ, ಸ್ಟೇಲ್ ಫೈಲ್ ಹ್ಯಾಂಡಲ್ ಎಂದು ತರಗತಿಯ ಮಧ್ಯೆಯೇ ಮಷೀನುಗಳು ನಿಂತುಬಿಡುತ್ತವೆ. ಇಮೇಜ್ ಕೆಲಸ ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಇಟ್ಟುಕೊಳ್ಳಿ. ಜೂನ್‌ನಲ್ಲಿ ಹೊಸ ಮಕ್ಕಳ ಅಕೌಂಟ್ ಸೇರಿಸಿದಾಗ ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ ಓಡಿಸುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ಲಾಗಿನ್ನೇ ಆಗಲ್ಲ.

ಕರೆಂಟ್ ವಿಷಯಕ್ಕೆ ಬಂದರೆ ಈ ಏರ್ಪಾಡಿನ ನಿಜವಾದ ಲಾಭ ಇಲ್ಲಿದೆ. ಡಿಸ್ಕೇ ಇಲ್ಲದ ಮಷೀನಿಗೆ ದಿಢೀರನೆ ಪವರ್ ಹೋದರೂ ಅದರಲ್ಲಿ ಕೆಡುವ ಫೈಲಿಲ್ಲ, ಸೇವ್ ಮಾಡದ ಕೆಲಸವಷ್ಟೇ ಹೋಗುತ್ತದೆ. ಹಾಗಾಗಿ ಯುಪಿಎಸ್ ಬೇಕಿರುವುದು ಸರ್ವರಿಗೆ ಮತ್ತು ಸ್ವಿಚ್ಚಿಗೆ. ಸರ್ವರನ್ನು ಯುಪಿಎಸ್‌ನಲ್ಲಿಟ್ಟು ಸ್ವಿಚ್ಚನ್ನು ಗೋಡೆಗೆ ಚುಚ್ಚಿದ ಲ್ಯಾಬುಗಳನ್ನು ನೋಡಿದ್ದೇನೆ, ಏನು ಪ್ರಯೋಜನ ಅಲ್ವಾ? ಸರ್ವರ್ ರೀಸ್ಟಾರ್ಟ್ ಆದರೆ ಮಷೀನುಗಳು ಸಾಯುವುದಿಲ್ಲ. ಎನ್‌ಎಫ್‌ಎಸ್ ಅದು ವಾಪಸ್ ಬರುವವರೆಗೂ ಕಾದು, ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಕರೆಂಟ್ ತುಂಬಾ ಹೊತ್ತು ಹೋಗಿ ಸರ್ವರೂ ಆಫ್ ಆಗಿದ್ದರೆ, ವಾಪಸ್ ಬಂದಾಗ ಮಷೀನುಗಳು ಅದಕ್ಕಿಂತ ಮೊದಲೇ ಎದ್ದು, ಉತ್ತರ ಸಿಗದೆ ಕಪ್ಪು ಪರದೆಯಲ್ಲಿ ಕೂರುತ್ತವೆ. ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನಾಗಿ ಆನ್ ಆಗದ ಹಾಗೆ ಮಾಡಿ, ಸರ್ವರ್ ಎದ್ದ ಮೇಲೆ ಒಂದೊಂದನ್ನೇ ಆನ್ ಮಾಡುವುದು ಒಳ್ಳೆಯದು.

ಹಳೇ ಮಷೀನುಗಳಲ್ಲಿ ಸಿಎಮ್‌ಒಎಸ್ ಬ್ಯಾಟರಿಯ ಕಾಟ ಬೇರೆ. ಬೋರ್ಡಿನ ಮೇಲಿರುವ ಆ ಸಿಆರ್2032 ಬಟನ್ ಸೆಲ್ ಸತ್ತರೆ ಪ್ಲಗ್ ತೆಗೆದಾಗಲೆಲ್ಲಾ ಬೂಟ್ ಆರ್ಡರ್ ಮರೆತುಹೋಗುತ್ತದೆ, ಮಷೀನು ಇಲ್ಲದ ಡಿಸ್ಕನ್ನು ಹುಡುಕುತ್ತದೆ. ಚಿಲ್ಲರೆ ದುಡ್ಡಿನ ಸೆಲ್ಲು, ಎಲ್ಲದಕ್ಕೂ ಒಟ್ಟಿಗೆ ಬದಲಾಯಿಸಿ.

ಕಂಪ್ಯೂಟರ್ ಮೇಡಂಗೆ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಪಿಎಕ್ಸ್‌ಇ-ಇ61 ಎಂದು ಬಂದರೆ ವೈರು ಅಥವಾ ಸ್ವಿಚ್ ನೋಡಿ. ಇ51 ಬಂದರೆ ಡಿಎಚ್‌ಸಿಪಿ ಉತ್ತರಿಸುತ್ತಿಲ್ಲ. ಇ53 ಬಂದರೆ ಐಪಿ ಸಿಕ್ಕಿದೆ, ಬೂಟ್ ಫೈಲಿನ ಹೆಸರು ಸಿಕ್ಕಿಲ್ಲ, ಯಾರೋ ಬೇರೆ ರೌಟರ್ ತಂದು ಚುಚ್ಚಿರಬಹುದು. ಇ32 ಬಂದರೆ ಟಿಎಫ್‌ಟಿಪಿ ಅಥವಾ ಫೈರ್‌ವಾಲ್. ಮೊದಲನೆಯದನ್ನು ಈಗ ಒಂಬತ್ತನೇ ಕ್ಲಾಸಿನ ಹುಡುಗಿಯರೇ ಸರಿಮಾಡಿಕೊಳ್ಳುತ್ತಾರೆ. ಉಳಿದವಕ್ಕೆ ನನಗೆ ಫೋನ್ ಬರುತ್ತದೆ.

ಎಲ್ಲರಿಗೂ ಇದು ಸರಿಹೊಂದುವುದಿಲ್ಲ. ಪಿಎಕ್ಸ್‌ಇಗೆ ವೈರು ಬೇಕೇ ಬೇಕು ಅಂದುಕೊಳ್ಳಿ, ವೈಫೈ ಲ್ಯಾಪ್‌ಟಾಪ್‌ಗಳನ್ನು ನಂಬಿ ಹೊರಡಬೇಡಿ. ವಿಡಿಯೋ ಎಡಿಟಿಂಗ್ ಕಲಿಸುವವರು ಮಷೀನಿಗೊಂದು ಡಿಸ್ಕ್ ಇಡುವುದೇ ಮೇಲು. ಮೂರ‍್ನಾಲ್ಕು ಮಷೀನಿಗಾದರೆ ಎಸ್‌ಎಸ್‌ಡಿ ತಂದು ಹಾಕಿಬಿಡಿ, ಇಷ್ಟೆಲ್ಲಾ ರಾಮಾಯಣ ಬೇಡ.