ಖಾತೆ ಅವ್ವಂದು, ಸಿಮ್ ಮಗಂದು

ಗುಳೇದಗುಡ್ಡದ ಖಣದ ಮಗ್ಗವಿರಲಿ, ರಬಕವಿ-ಬನಹಟ್ಟಿಯ ಪವರ್‌ಲೂಮ್ ಇರಲಿ, ವಾರದ ಪಗಾರ ಖಾತೆಗೆ ಹಾಕಲು ಮಾಲೀಕರು ಒಪ್ಪಿಬಿಟ್ಟರೆ ಕೆಲಸ ಮುಗಿಯಿತು ಅನ್ನುವವರಿದ್ದಾರೆ. ಮುಗಿದಿರುವುದಿಲ್ಲ. ಖಾತೆಗೆ ಬಿದ್ದ ರೊಕ್ಕ ಯಾರ ಕೈಗೆ ಸಿಗಬೇಕು ಅನ್ನುವುದನ್ನು ಪಾಸ್‌ಬುಕ್ಕಿನ ಹೆಸರಿಗಿಂತ ಹೆಚ್ಚಾಗಿ ಬ್ಯಾಂಕಿನಲ್ಲಿ ಬರೆಸಿದ ಮೊಬೈಲ್ ನಂಬರೇ ತೀರ್ಮಾನಿಸುತ್ತದೆ.

2014ರಲ್ಲಿ ಜನಧನ ಶುರುವಾದಾಗ ಮನೆಗೊಂದೇ ಫೋನು ಇದ್ದಲ್ಲಿ ಎಲ್ಲರ ಫಾರ್ಮಿಗೂ ಅದೇ ನಂಬರು ಬಿತ್ತು. ಯುಪಿಐ ಖಾತೆಯನ್ನು ಹುಡುಕುವುದು ಸಿಮ್ ನೋಡಿ. ಅವ್ವನ ಖಾತೆಗೆ ಮಗನ ನಂಬರಿದ್ದರೆ ಅವನ ಫೋನಿನಲ್ಲಿ ಅವಳ ಖಾತೆ ತೆರೆದುಕೊಳ್ಳುತ್ತದೆ. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಅದೇ ಫೋನಿಗೆ ಬರುವ ಒಟಿಪಿ ಇದ್ದರೆ ಯುಪಿಐ ಪಿನ್ನೂ ಅವನದೇ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ ಕೂಡ ಕೇಳುತ್ತವೆ, ಅಷ್ಟೆ.

ಹಾಗಾಗಿ ಮೊದಲು ಅವಳ ಹೆಸರಿಗೇ ಒಂದು ಸಿಮ್. ಪಾಸ್‌ಬುಕ್, ಆಧಾರ್ ಹಿಡಿದು ಶಾಖೆಗೆ ಹೋಗಿ ನಂಬರು ಬದಲಿಸಬೇಕು. ಆಧಾರ್ ಕೇಂದ್ರದಲ್ಲಿ ಬೇರೆಯಾಗಿ ಬದಲಿಸಬೇಕು. ಎರಡೂ ಕಡೆ ಒಂದೇ ನಂಬರಿದ್ದರೆ ಡೆಬಿಟ್ ಕಾರ್ಡ್ ಇಲ್ಲದೆಯೂ ಆಧಾರ್ ಒಟಿಪಿಯಿಂದ ಪಿನ್ ಹಾಕಬಹುದು. ಆ್ಯಪ್ ನೋಂದಣಿಯ ಹೊತ್ತಿಗೆ ಅದೇ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಹೊರಗೆ ಹೋಗುತ್ತದೆ. ರೀಚಾರ್ಜಿನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೆ ನೆಟ್ ಎಷ್ಟಿದ್ದರೂ ನೋಂದಣಿ ಆಗುವುದಿಲ್ಲ. ಎರಡು ಸಿಮ್ಮಿನ ಫೋನಿನಲ್ಲಿ ತಪ್ಪು ಸಿಮ್ ಆರಿಸಿದರೂ ಅದೇ ಕಥೆ. ಕೀಪ್ಯಾಡ್ ಫೋನಿದ್ದವರು *99# ಡಯಲ್ ಮಾಡಿಯೂ ಯುಪಿಐನಲ್ಲಿ ರೊಕ್ಕ ಕಳಿಸಬಹುದು: ನೆಟ್ ಬೇಡ, ಒಂದು ಸಲಕ್ಕೆ 5,000 ರೂಪಾಯಿಯವರೆಗೆ. ಅದಕ್ಕೂ ಬ್ಯಾಂಕಿನಲ್ಲಿ ಬರೆಸಿದ ನಂಬರೇ ಬೇಕು.

ಸರ್ಕಾರದ ರೊಕ್ಕದ ದಾರಿ ಬೇರೆ. ಗೃಹಲಕ್ಷ್ಮಿಯ 2,000 ಹೋಗುವುದು ಖಾತೆ ನಂಬರು ನೋಡಿ ಅಲ್ಲ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರಿಗೆ ಜೋಡಿಸಿದ ಬ್ಯಾಂಕಿಗೆ. ಎರಡು ಖಾತೆ ಇದ್ದವರು ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಣೆಗೆ ಸಹಿ ಹಾಕಿದರೋ ಅಲ್ಲಿಗೆ. ‘ಆಧಾರ್ ಲಿಂಕ್ ಆಗೇತ್ರಿ’ ಎಂದು ಕೌಂಟರಿನಲ್ಲಿ ಹೇಳಿದರೆ ಅದು ಬರೀ ಕೆವೈಸಿ, ಅಂದರೆ ಗುರುತಿಗೆಂದು ಆಧಾರ್ ಕೊಟ್ಟದ್ದು ಇದ್ದೀತು. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ (ಈ ಜೋಡಣೆಯ ಸ್ಥಿತಿ) ತೆರೆದರೆ ಬ್ಯಾಂಕಿನ ಹೆಸರೇ ಕಾಣುತ್ತದೆ. ಬಂದಿಲ್ಲ ಎಂದು ಗೋಳಾಡುವ ಮುಂಚೆ ಅಲ್ಲಿ ನೋಡುವುದು ಒಳ್ಳೆಯದು.

ಇನ್ನು ಹೆಬ್ಬಟ್ಟಿನ ಮಷಿನ್ನು, ಅಂದರೆ ಬ್ಯಾಂಕಿನ ಏಜೆಂಟರು ಆಧಾರ್ ನಂಬರು, ಬೆರಳಚ್ಚು ತೊಗೊಂಡು ಖಾತೆಯಿಂದ ರೊಕ್ಕ ಕೊಡುವ ಯಂತ್ರ. ಕಬ್ಬು ಕಡಿದು, ನೂಲು ಎಳೆದು ಸವೆದ ಬೆರಳಿನ ಗೆರೆ ಅದಕ್ಕೆ ಸಿಕ್ಕುವುದಿಲ್ಲ. ‘ಬೆರಳು ತೊಗೊಳ್ವಲ್ದ್ರಿ’ ಎಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬೇರೆ ಬೆರಳು ಇಡಿ, ಹೆಬ್ಬಟ್ಟೇ ಆಗಬೇಕೆಂದೇನಿಲ್ಲ. ಮೋಸ ನಡೆಯುವುದೂ ಇದೇ ಗಳಿಗೆಯಲ್ಲಿ. ಮೊದಲ ಸಲಕ್ಕೇ ರೊಕ್ಕ ಕಡಿದಿರುತ್ತದೆ, ‘ಫೇಲ್ ಆತು, ಇನ್ನೊಮ್ಮೆ ಇಡ್ರಿ’ ಎಂದು ಏಜೆಂಟರು ಎರಡನೇ ಸಲ ಒತ್ತಿಸಿಕೊಂಡು ಒಂದೇ ಸಲದ್ದು ಕೈಗಿಡುತ್ತಾರೆ. ಫೇಲ್ ಆದದ್ದಕ್ಕೂ ಚೀಟಿ ಕೇಳಿ. ಎರಡನೇ ಸಲ ಬೆರಳಿಡುವ ಮುಂಚೆ ಮೊಬೈಲಿನ ಮೆಸೇಜು ನೋಡಿ. ಈ ಮೆಸೇಜೂ ಮಗನ ಫೋನಿಗೆ ಹೋಗುತ್ತಿದ್ದರೆ ಮೋಸ ಗೊತ್ತಾಗುವುದು ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನವೇ.

ನಿಜವಾಗಿಯೂ ಫೇಲ್ ಆಗಿ ಖಾತೆಯಲ್ಲಿ ಮಾತ್ರ ಕಡಿದಿದ್ದರೆ 5 ದಿನದೊಳಗೆ ಹಿಂದಕ್ಕೆ ಬರಬೇಕು. ಯುಪಿಐನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ; 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಗ್ರಾಹಕರು ಕೇಳದಿದ್ದರೂ ಇದನ್ನು ಕೊಡಬೇಕು. ಆದರೂ ಕೇಳಿ, ಚೀಟಿ ತೋರಿಸಿ.