ನೂರು ಕುಂಡ, ಒಂದೇ ಗಿಡ

ಯಾರಾದರೂ ಹೊಸ ಕೀಟಾಹಾರಿ ಗಿಡ ತಂದೆವೆಂದು ಹೇಳಿದರೆ ನಾನು ಮೊದಲು ಕೇಳುವುದು ಅದು ಬೀಜದ ಗಿಡವೋ ಟಿಶ್ಯೂ ಕಲ್ಚರ್ ಗಿಡವೋ (ಅಂದರೆ ಪ್ರಯೋಗಾಲಯದ ಬಾಟಲಿಯಲ್ಲಿ ಗಿಡದ ಅಂಗಾಂಶದಿಂದ ಬೆಳೆಸಿದ್ದೋ) ಎಂದು. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕುಂಡದ ಚೀಟಿಯಲ್ಲಿ ಜಾತಿಯ ಹೆಸರಿರುತ್ತದೆ, ಮೂಲದ ಸುದ್ದಿಯೇ ಇರುವುದಿಲ್ಲ. ಇದು ನನ್ನನ್ನು ನಿಜವಾಗಿಯೂ ಕಾಡುವ ಸಂಗತಿ.

ಟಿಶ್ಯೂ ಕಲ್ಚರ್ ಬಗ್ಗೆ ನನಗೆ ಅಪಾರ ಗೌರವವಿದೆ. ವಿಜ್ಞಾನಿಗಳಾದ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿನ ಅಂಗಾಂಶಕ್ಕಾಗಿ ರೂಪಿಸಿದ ಪೋಷಕ ಮಾಧ್ಯಮವೇ ಇಲ್ಲಿಯೂ ಬಳಕೆಯಲ್ಲಿದೆ. ಆದರೆ ಬಡ ಜೌಗು ನೆಲಕ್ಕೆ ಒಗ್ಗಿದ ಈ ಗಿಡಗಳಿಗೆ ಅದರ ಲವಣಗಳನ್ನು ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಸುತ್ತಾರೆ. ಅಗಾರ್ ಎಂಬ ಲೋಳೆಗಟ್ಟಿ, ಸಕ್ಕರೆ, ಚಿಗುರೊಡೆಸುವ ಹಾರ್ಮೋನಾದ ಸೈಟೊಕೈನಿನ್ ತುಸು ಇದ್ದರೆ ಒಂದು ಚಿಗುರು ಹತ್ತಾಗುತ್ತದೆ, ಹತ್ತು ನೂರಾಗುತ್ತವೆ. ಎಲೆಯ ಬಲೆ ಮುಚ್ಚಿ ಹುಳು ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಕಾಡಿನಲ್ಲಿ ಸಹಜವಾಗಿ ಬೆಳೆಯುವುದು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳಲ್ಲಿ ಮಾತ್ರ. ಅಲ್ಲಿಂದ ಅದನ್ನು ಕಿತ್ತು ಮಾರುವವರ ಕಾಟ ತಾಳಲಾಗದೆ ಉತ್ತರ ಕೆರೊಲಿನಾ 2014ರಲ್ಲಿ ಆ ಕಳವನ್ನು ಗಂಭೀರ ಅಪರಾಧವಾಗಿಸಿತು. ಪ್ರಯೋಗಾಲಯದ ಅಗ್ಗದ ಗಿಡ ಕೈಗೆ ಸಿಗುವಾಗ ಕಾಡಿನ ಗಿಡವನ್ನು ಅಗೆಯುವ ಆಸೆಯಾದರೂ ಕುಗ್ಗುತ್ತದೆ. ಇನ್ನು ‘ಅಕೈ ರ್ಯೂ’, ‘ಬಿ52’ ಮೊದಲಾದ ಹೆಸರಿಟ್ಟ ಫ್ಲೈಟ್ರ್ಯಾಪ್ ತಳಿಗಳನ್ನು ಬೀಜದಿಂದ ಉಳಿಸಿಕೊಳ್ಳಲು ಬರುವುದೇ ಇಲ್ಲ. ಬೀಜದಿಂದ ಹುಟ್ಟಿದ ಸಸಿಗೆ ತಾಯಿಯ ಹೆಸರು ಸಲ್ಲುವುದಿಲ್ಲ.

ಆದರೂ ನನ್ನ ಮನಸ್ಸು ಬೀಜದ ತಟ್ಟೆಯ ಕಡೆಗೇ ವಾಲುತ್ತದೆ. ಫ್ಲೈಟ್ರ್ಯಾಪ್‌ನ ಬೀಜ ಕಪ್ಪಗೆ ಮಿನುಗುತ್ತದೆ. ಒದ್ದೆ ಪೀಟ್ (ಜೌಗಿನ ಕೊಳೆತ ಪಾಚಿಯ ಮಣ್ಣು) ಮೇಲೆ ಉದುರಿಸಿದರೆ ಸಾಕು, ಮುಚ್ಚಬಾರದು. ಕೊಳವೆಯಂಥ ಎಲೆಯಲ್ಲಿ ಹುಳು ಹಿಡಿಯುವ ಸರಸೇನಿಯಾದ ಬೀಜಕ್ಕಾದರೆ ನಾಲ್ಕಾರು ವಾರ ತೇವದ ಚಳಿ ಬೇಕು. ಹೂಜಿಯಂಥ ಬಲೆಯಿರುವ ನೆಪೆಂಥಿಸ್‌ನ ನೂಲಿನಂಥ ಬೀಜ ಬಹಳ ದಿನ ಕಾಯುವುದಿಲ್ಲ, ಬಂದ ಕೂಡಲೇ ಬಿತ್ತಬೇಕು. ಆಮೇಲೆ ವರ್ಷಗಟ್ಟಲೆ ತಾಳ್ಮೆ. ಆ ತಾಳ್ಮೆಗೆ ಸಿಗುವ ಪ್ರತಿಫಲ ವೈವಿಧ್ಯ. ಫ್ಲೈಟ್ರ್ಯಾಪ್‌ನ ಒಂದೇ ಕಾಯಿಯ ಮಕ್ಕಳಲ್ಲಿ ಒಂದರ ಬಲೆ ಒಳಗೆ ಕೆಂಪಾದರೆ ಇನ್ನೊಂದರದು ಹಸಿರಾಗಿಯೇ ಉಳಿಯುತ್ತದೆ, ಮತ್ತೊಂದು ಬೇಗ ದಪ್ಪಗಾಗುತ್ತದೆ. ಅವುಗಳಲ್ಲಿ ಯಾವುದು ಬಿಸಿಲಿಗೆ ಗಟ್ಟಿ, ಯಾವುದು ಕೊಳೆರೋಗವನ್ನು ತಡೆಯುತ್ತದೆ ಎಂಬುದು ಕಾಲ ಕಳೆದಂತೆ ತಿಳಿಯುತ್ತದೆ.

ವೈವಿಧ್ಯದ ಬೆಲೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ನೆಪೆಂಥಿಸ್‌ನಲ್ಲಿ. ಆ ಹೂಜಿ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಒಂದೇ ಕ್ಲೋನಿನಿಂದ, ಅಂದರೆ ಒಂದೇ ಗಿಡದ ತದ್ರೂಪುಗಳಾಗಿ, ಸಾವಿರ ಗಿಡ ಮಾಡಿ ಊರೂರಿಗೆ ಹಂಚಿದರೂ ಅವೆಲ್ಲ ಗಂಡಾಗಿರುತ್ತವೆ, ಇಲ್ಲವೇ ಎಲ್ಲವೂ ಹೆಣ್ಣಾಗಿರುತ್ತವೆ. ಅಷ್ಟೂ ಅರಳಿದರೂ ಅವುಗಳ ನಡುವೆ ಒಂದು ಬೀಜ ಕಟ್ಟುವುದಿಲ್ಲ. ಮೇಘಾಲಯದ ನೆಪೆಂಥಿಸ್ ಖಾಸಿಯಾನಾ ಭಾರತದ ಏಕೈಕ ನೆಪೆಂಥಿಸ್, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದಲ್ಲಿ ಅತಿ ಬಿಗಿಯಾದ ಮೊದಲನೆಯ ಅನುಬಂಧದಲ್ಲಿರುವ ಗಿಡ. ಇಂಥದ್ದನ್ನು ಒಂದೆರಡು ಕ್ಲೋನುಗಳಲ್ಲಿ ಬೆಳೆಸಿ ಉಳಿಸಿದೆವೆಂದು ಹೇಳಿದರೆ ನಾನು ಒಪ್ಪಲಾರೆ. ಉಳಿದದ್ದು ಒಂದೆರಡು ಗಿಡ, ಜಾತಿಯಲ್ಲ.

ಹಾಗೆಂದು ಬಾಟಲಿಯನ್ನೂ ಬೀಜವನ್ನೂ ಎದುರಾಳಿಗಳಾಗಿ ನಿಲ್ಲಿಸುವುದು ತಪ್ಪು. ಅನೇಕ ಬಾಟಲಿಗಳ ಕಥೆ ಶುರುವಾಗುವುದೇ ಬ್ಲೀಚ್ ದ್ರಾವಣದಲ್ಲಿ ತೊಳೆದ ಬೀಜದಿಂದ. ಹತ್ತಾರು ಬೀಜಗಳನ್ನು ಬೇರೆಬೇರೆಯಾಗಿ ಬೆಳೆಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ವೃದ್ಧಿಸುವ ಪ್ರಯೋಗಾಲಯ ಮಾಡುತ್ತಿರುವುದು ಪುಣ್ಯದ ಕೆಲಸ. ಬೇಗ ಬೆಳೆಯುವ ಒಂದನ್ನೇ ಆರಿಸಿಕೊಂಡು ಉಳಿದವನ್ನು ಎಸೆದರೆ ಬೀಜದಿಂದ ಬಂದ ಲಾಭವೆಲ್ಲ ಅಲ್ಲಿಗೇ ಮುಗಿಯಿತು.

ಬಾಟಲಿಯ ಗಿಡ ಕೊಂಡವರಿಗೆ ಒಂದು ಮಾತು. ಅದರ ಎಲೆಯ ಮೇಣದ ಪದರ ತೆಳು, ಪತ್ರರಂಧ್ರಗಳು ಸರಿಯಾಗಿ ಮುಚ್ಚಿಕೊಳ್ಳಲು ಕಲಿತಿರುವುದಿಲ್ಲ. ಬೇರಿನ ಅಗಾರನ್ನು ಪೂರ್ತಿ ತೊಳೆಯಿರಿ, ಉಳಿದ ಸಕ್ಕರೆಗೆ ಬೂಸ್ಟು ಹಿಡಿಯುತ್ತದೆ. ಸ್ಫ್ಯಾಗ್ನಮ್ ಪಾಚಿಯಲ್ಲಿ ನೆಟ್ಟು ಮುಚ್ಚಳವಿರುವ ಡಬ್ಬಿಯಲ್ಲಿಡಿ, ವಾರಗಟ್ಟಲೆ ಸಮಯ ತೆಗೆದುಕೊಂಡು ಮುಚ್ಚಳವನ್ನು ಸ್ವಲ್ಪಸ್ವಲ್ಪವಾಗಿ ಸರಿಸಿ. ಫ್ಲೈಟ್ರ್ಯಾಪ್ ಮೊದಮೊದಲು ಹಲವು ತಲೆಗಳ ಗುಂಪಾಗಿ ಬೆಳೆದರೆ ಗಾಬರಿ ಬೇಡ, ಹಾರ್ಮೋನಿನ ಪ್ರಭಾವ ಇಳಿದಂತೆ ಸರಿಹೋಗುತ್ತದೆ.

ಮಾರುವವರಲ್ಲಿ ನಾನು ಕೇಳುವುದು ಚೀಟಿಯಲ್ಲಿ ಇನ್ನೊಂದು ಸಾಲು: ಬೀಜದ್ದೋ ಕ್ಲೋನೋ, ಕ್ಲೋನಾದರೆ ಅದರ ಸಂಖ್ಯೆ, ಗೊತ್ತಿದ್ದರೆ ಗಂಡೋ ಹೆಣ್ಣೋ. ನನ್ನ ಗಂಡು ನೆಪೆಂಥಿಸ್ ಹೂ ಬಿಟ್ಟಾಗ ಪರಾಗವನ್ನು ಒಣಗಿಸಿ ಫ್ರೀಜರ್‌ನಲ್ಲಿಡುತ್ತೇನೆ. ಹೆಣ್ಣು ಗಿಡ ಅರಳಿಸಿಕೊಂಡಿರುವವರು ಕೇಳಿ ಪಡೆಯಬಹುದು. ಕಾಯಿ ಕಟ್ಟಿದರೆ ಬೀಜದಲ್ಲಿ ಒಂದು ಪಾಲು ನನಗೂ ಇರಲಿ.