ಕಾಲಿಂಚು ಮಳೆ

1994ರಲ್ಲಿ ಮಡಿಕೇರಿಯ ನಮ್ಮ ಕಾಲೇಜಿಗೆ ಮೊದಲ ವರ್ಷದ ಬಿ.ಎಸ್ಸಿ.ಗೆ ಸೇರಿದಾಗ, ಕಲನಶಾಸ್ತ್ರವೆಂದರೆ ನನಗೆ ಗೊತ್ತಿರುವ ವಿಷಯ ಎಂಬ ಧೈರ್ಯವಿತ್ತು. ಪಿ.ಯು.ಸಿ.ಯಲ್ಲಿ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ; ಎಕ್ಸ್ ವರ್ಗದ ಅವಕಲನ, ಅಂದರೆ ಅದು ಬದಲಾಗುವ ವೇಗ, ಎಷ್ಟೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಎರಡು ಎಕ್ಸ್ ಎನ್ನುತ್ತಿದ್ದೆ. ಯಾಕೆ ಹಾಗೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದವರು ನಮ್ಮ ಗಣಿತದ ಮೇಷ್ಟ್ರು. ಜುಲೈ ತಿಂಗಳಲ್ಲಿ ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯತೊಡಗಿದರೆ ಮುಂದಿನ ಬೆಂಚಿನವರಿಗೂ ಅವರ ಮಾತು ಕೇಳಿಸುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅವರು ಇಡೀ ಪೀರಿಯಡ್ಡನ್ನು ಬರೆದೇ ಮುಗಿಸುತ್ತಿದ್ದರು. ತೇವ ಹಿಡಿದ ಸೀಮೆಸುಣ್ಣ ಬೋರ್ಡಿನ ಮೇಲೆ ಜಾರುತ್ತದೆಂದು, ಒಣಗಿದ ನಾಲ್ಕೈದು ತುಂಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಲಿಮಿಟ್ಟಿನ, ಅಂದರೆ ಎಕ್ಸ್ ಒಂದು ಬಿಂದುವಿನ ಹತ್ತಿರ ಹೋದಂತೆ ಉತ್ತರ ಯಾವ ಬೆಲೆಯ ಹತ್ತಿರ ಹೋಗುತ್ತದೋ ಆ ಬೆಲೆಯ, ವ್ಯಾಖ್ಯೆಯನ್ನು ನಾನು ಕಲಿತದ್ದು ಹೀಗೆ, ಒಂದು ಮಾತೂ ಇಲ್ಲದೆ. ಅವರು ಎಪ್ಸಿಲಾನ್, ಎಂದರೆ ಉತ್ತರ ಆ ಬೆಲೆಯಿಂದ ಎಷ್ಟು ದೂರವಿರಬಹುದೆಂಬ ಮಿತಿ, ಬರೆದು, ಅದಕ್ಕೊಂದು ಬೆಲೆ ಕೊಟ್ಟು, ನಮ್ಮಲ್ಲಿ ಒಬ್ಬರತ್ತ ಸೀಮೆಸುಣ್ಣ ಚಾಚುತ್ತಿದ್ದರು. ಆ ಬೆಲೆಗೆ ಒಪ್ಪುವ ಡೆಲ್ಟಾವನ್ನು, ಎಂದರೆ ಎಕ್ಸ್ ಎಷ್ಟು ಹತ್ತಿರವಿದ್ದರೆ ಉತ್ತರ ಆ ಮಿತಿಯೊಳಗೆ ಉಳಿಯುತ್ತದೆ ಎಂಬುದನ್ನು, ನಾವು ಹೋಗಿ ಬರೆಯಬೇಕು. ಬರೆದ ಕೂಡಲೇ ಅವರು ತಮ್ಮ ಎಪ್ಸಿಲಾನನ್ನು ಒರೆಸಿ ಅದರ ಹತ್ತನೇ ಒಂದು ಪಾಲನ್ನು ಬರೆಯುತ್ತಿದ್ದರು. ಅವರು ಎಷ್ಟು ಸಣ್ಣದು ಕೇಳಿದರೂ ಕೊಡಬಲ್ಲ ಡೆಲ್ಟಾ ನಮ್ಮ ಹತ್ತಿರ ಇರಬೇಕು, ಅಷ್ಟೇ ವ್ಯಾಖ್ಯೆ. ಹತ್ತೊಂಬತ್ತನೆಯ ಶತಮಾನದ ವೈಯರ್‌ಸ್ಟ್ರಾಸ್ ಗಟ್ಟಿಗೊಳಿಸಿದ ಈ ಮಾತನ್ನು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಓದಿದ್ದೇನೆ, ಆ ಸೀಮೆಸುಣ್ಣದಷ್ಟು ನೇರವಾಗಿ ಯಾವುದೂ ಹೇಳಲಿಲ್ಲ.

ಆದರೂ ಮೊದಲ ಟೆಸ್ಟಿನಲ್ಲಿ ನನಗೆ ಬಂದದ್ದು 50ಕ್ಕೆ 11. ಉತ್ತರಗಳೆಲ್ಲ ಸರಿಯಿದ್ದವು. ಪ್ರತಿ ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಕಾರಣ?’ ಎಂಬ ಒಂದೇ ಪದವಿತ್ತು. ಇದು ಅನ್ಯಾಯವೆಂದು ಹಾಸ್ಟೆಲಿನಲ್ಲಿ ಎರಡು ದಿನ ಹಾರಾಡಿದೆ, ಸ್ಟಾಫ್ ರೂಮಿಗೆ ಹೋಗಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಆ ವರ್ಷದ ಪಾಠಗಳಲ್ಲಿ ಕೆಲವು ನೆನಪಿನಿಂದ ಪೂರ್ತಿ ಜಾರಿಹೋಗಿವೆ. ರಿಡಕ್ಷನ್ ಸೂತ್ರಗಳನ್ನು ಈಗ ಕೇಳಿದರೆ ತಡಬಡಾಯಿಸುತ್ತೇನೆ. ಅನಂತ ಶ್ರೇಢಿಯ ಪಾಠ ಮಾತ್ರ ಹಾಗಲ್ಲ. ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕೇರಳದಲ್ಲಿ, ನ್ಯೂಟನ್ ಮತ್ತು ಲೈಬ್ನಿಜ್ ಹುಟ್ಟುವುದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆ ಬಾಳಿದ ಸಂಗಮಗ್ರಾಮದ ಮಾಧವನ ಶ್ರೇಢಿಯನ್ನು ಮೇಷ್ಟ್ರು ಬರೆದರು: ಒಂದರಲ್ಲಿ ಮೂರನೇ ಒಂದನ್ನು ಕಳೆದು, ಐದನೇ ಒಂದನ್ನು ಕೂಡಿ, ಏಳನೇ ಒಂದನ್ನು ಕಳೆದು, ಹೀಗೆ ಮುಗಿಯದಂತೆ ಹೋದರೆ ಸಿಗುವುದು ಪೈಯ ಕಾಲುಭಾಗ. ಕೂಡಿ ನೋಡಿ ಎಂದರು. ಹಾಸ್ಟೆಲಿನಲ್ಲಿ ಕರೆಂಟಿಲ್ಲದ ರಾತ್ರಿ ಮೇಣದಬತ್ತಿ ಹಚ್ಚಿ ನಾವು ಮೂವರು 50 ಪದಗಳನ್ನು ಕೂಡಿದರೂ ಪೈ ಇನ್ನೂ 3.12ರ ಆಸುಪಾಸಿನಲ್ಲೇ ಇತ್ತು. ಶ್ರೇಢಿ ಸೇರುತ್ತದೆ ಎಂಬುದು ಒಂದು ಸಂಗತಿ, ಬೇಗ ಸೇರುತ್ತದೆ ಎಂಬುದು ಬೇರೆಯೇ ಸಂಗತಿ ಎಂದು ಕೈನೋವಿನ ಮೂಲಕ ತಿಳಿಯಿತು.

ಆದರೆ ಕಲನ ನನ್ನದಾದದ್ದು ಮನೆಯಲ್ಲಿ. ಭಾಗಮಂಡಲದ ಕಡೆಯ ನಮ್ಮ ಕಾಫಿ ತೋಟದಲ್ಲಿ ಅಪ್ಪ ದಿನವೂ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಂಚು ಮತ್ತು ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಪಾಲು) ಡೈರಿಯಲ್ಲಿ ಬರೆಯುತ್ತಿದ್ದರು. ಸರಕಾರ ಮಿಲಿಮೀಟರಿಗೆ ಹೋದರೂ ಬೆಳೆಗಾರರು ಇಂಚನ್ನು ಬಿಟ್ಟವರಲ್ಲ. ಒಂದು ಭಾನುವಾರ ಅಳತೆ ಸರಿಯಾಗಿ ಆರು ಇಂಚು ಬಂತು. ಇಪ್ಪತ್ತನಾಲ್ಕು ಗಂಟೆಗೆ ಆರು ಎಂದರೆ ಗಂಟೆಗೆ ಕಾಲಿಂಚು. ಆದರೆ ಹಿಂದಿನ ಮಧ್ಯಾಹ್ನ ಬಿಸಿಲು ಇಣುಕಿತ್ತು, ನಡುರಾತ್ರಿ ಮಾತ್ರ ಮಾಡು ಹಾರಿಹೋಗುವಂತೆ ಹೊಡೆದಿತ್ತು. ಹಾಗಿದ್ದರೆ ಈ ಕಾಲಿಂಚು ಯಾವ ಗಂಟೆಯದು? ಅಳೆಯುವ ಅವಧಿಯನ್ನು ಗಂಟೆಯಿಂದ ನಿಮಿಷಕ್ಕೆ, ನಿಮಿಷದಿಂದ ಸೆಕೆಂಡಿಗೆ ಇಳಿಸುತ್ತ ಹೋದರೆ ನೀರೂ ಕಡಿಮೆ, ಕಾಲವೂ ಕಡಿಮೆ, ಎರಡರ ಭಾಗಲಬ್ಧ ಮಾತ್ರ ಒಂದು ಬೆಲೆಯ ಹತ್ತಿರ ಹೋಗಿ ನಿಲ್ಲುತ್ತದೆ. ಅಳತೆಯ ಗಾಜನ್ನು ತೊಳೆಯುತ್ತ ನಿಂತಿದ್ದ ನನಗೆ ಮೇಷ್ಟ್ರ ಕೆಂಪು ಶಾಯಿಯ ‘ಕಾರಣ?’ ಆಗ ಅರ್ಥವಾಯಿತು.

ಆ ವಾರವಷ್ಟೇ ಲಗ್ರಾಂಜನ ಮೀನ್ ವ್ಯಾಲ್ಯೂ ಪ್ರಮೇಯದ ಪಾಠವಾಗಿತ್ತು. ಅದಕ್ಕೆ ಮೆಟ್ಟಿಲಾದ ಪ್ರಮೇಯಕ್ಕೆ ಹೆಸರು ಕೊಟ್ಟ ರೋಲ್ ಎಂಬಾತ ಸ್ವತಃ ಕಲನವನ್ನು ನಂಬದೆ ಜಗಳಕ್ಕೆ ನಿಂತವನೆಂದು ಹೇಳಿ ಮೇಷ್ಟ್ರು ನಕ್ಕಿದ್ದರು. ಅವನ ಮೇಲೆ ನನಗೆ ಆಗಲೇ ಒಂದಿಷ್ಟು ಪ್ರೀತಿ ಹುಟ್ಟಿತ್ತು. ಆ ಮೀನ್ ವ್ಯಾಲ್ಯೂ ಪ್ರಮೇಯದ ಪ್ರಕಾರ, ಮಳೆಯ ಲೆಕ್ಕ ಎಲ್ಲಿಯೂ ಕಡಿಯದೆ, ಮುರುಕಿಲ್ಲದೆ ನಯವಾಗಿ ಏರಿತೆಂದು ಒಪ್ಪಿಕೊಂಡರೆ, ಆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಯಾವುದೋ ಒಂದು ಕ್ಷಣದಲ್ಲಾದರೂ ಮಳೆಯ ವೇಗ ಸರಿಯಾಗಿ ಕಾಲಿಂಚು ಇದ್ದೇ ಇರಬೇಕೆಂದು ಅಪ್ಪನಿಗೆ ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಯಾವಾಗ?” ಎಂದರು.

“ಅದನ್ನು ಪ್ರಮೇಯ ಹೇಳುವುದಿಲ್ಲ.”

ಅಪ್ಪ ನನ್ನ ಮುಖವನ್ನು ಒಮ್ಮೆ ನೋಡಿ, ಡೈರಿಯಲ್ಲಿ ಆರು ಇಂಚು ಎಂದು ಬರೆದು, ಮಾಪಕವನ್ನು ಅದರ ಜಾಗದಲ್ಲಿ ಇಟ್ಟು ಬರುವಂತೆ ನನಗೆ ಹೇಳಿದರು.